ಸುಣ್ಣ ಇಟ್ಟ ಸೌತೆಕಾಯಿ

ಪತ್ರೊಡೆಗೆಂದು ಕೆಸುವಿನ ಎಲೆ ಮಗುಚಿಟ್ಟುಕೊಂಡು ಹಿಂದಿನ ದಪ್ಪ ನರ ಸವರುತ್ತಾ ಕೂತಿದ್ದೆ. ಹಿಟ್ಟು ರುಬ್ಬಿ ಆಗಿತ್ತು. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಕೈಯೆಲ್ಲ ಕೆಸುವಿನ ರಸ. ನಮ್ಮನೆಯವರೇ ಬಂದು ಫೋನನ್ನು ನನ್ನ ಕಿವಿಗೆ ಹಿಡಿದರು.

"ಅಕ್ಕಾ, ಅತ್ತೆ ಹೋದ್ರು. ಬೆಳಿಗ್ಗೆ ಕಾಫಿ ಕುಡಿದು ಮಲಗಿದ್ರು. ಎದ್ದೇ ಇಲ್ಲ."

ಮಾತಾಡಿದ್ದು ಪವಿತ್ರ. ಮಂಡಿ ನೋವಿಗೆ ನಾನು ಬಿಟ್ಟ ಕೆಲಸಕ್ಕೆ ಈ ಮಳೆಗಾಲದ ಮುಂಚೆ ಸೇರಿದ ಹುಡುಗಿ. ಹೋದವಳು ಅವಳ ಅತ್ತೆ ಗಿರಿಜಾ, ನಾನು ಈ ಕೆಲಸದಲ್ಲಿ ಕಂಡ ಮೊದಲನೆಯ ಹೆಂಗಸು. ವರ್ಷದಿಂದ ಅವಳಿಗೆ ಉಬ್ಬಸ ಇತ್ತು. ಆದರೂ ಇಷ್ಟು ಬೇಗ ಅಂತ ಯಾರೂ ಎಣಿಸಿರಲಿಲ್ಲ. ನರಳದೆ ಹೋದಳಲ್ಲ, ಅಷ್ಟು ದಯೆ ತೋರಿದ ದೇವರಿಗೆ ಕೂತಲ್ಲೇ ಕೈ ಮುಗಿದೆ.

ಪವಿತ್ರ ಫೋನು ಇಡಲಿಲ್ಲ. ಪಕ್ಕದಲ್ಲಿ ಯಾರೋ ಇದ್ದಾರೆ ಅನ್ನುವ ಹಾಗೆ ಸ್ವರ ತಗ್ಗಿಸಿದಳು. "ಬಳ್ಳೀಲಿ ಒಂದೇ ಒಂದು ಕಾಯಿ ಉಳ್ಕೊಂಡಿದೆ ಅಕ್ಕ, ಬೀಜಕ್ಕೆ ಬಿಟ್ಟಿದ್ದು. ಸುಣ್ಣ ಇಟ್ಟಿದೆ. ತೊಟ್ಟು ಒಣಗಿದೆ. ಮಾವ ಮುಟ್ಟಕ್ಕೆ ಬಿಡ್ತಿಲ್ಲ. ಇಂಥ ಹೊತ್ತಲ್ಲಿ ಇದನ್ನ ಹೇಳ್ತೀನಲ್ಲ ಅಂತ ಬೇಜಾರ್ ಮಾಡ್ಕೋಬೇಡಿ."

ಬೇಜಾರು ಮಾಡಿಕೊಳ್ಳುವುದೇನು ಬಂತು. ಆ ಕಾಯಿ ಕೊಳೆತರೆ ಗಿರಿಜಾಳ ಸೌತೆ ಈ ಸುತ್ತಮುತ್ತ ಇನ್ನಿಲ್ಲ ಅನ್ನುವುದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಎಲೆಯ ಮೇಲೆ ಬಟ್ಟೆ ಮುಚ್ಚಿ ಎದ್ದೆ.

ಹೊಸದಾಗಿ ಈ ಕೆಲಸಕ್ಕೆ ಬರುವ ಹೆಣ್ಣುಮಕ್ಕಳಿಗೆ ಏನಾದರೂ ಬರೆದುಕೊಡಿ ಅಂತ ನಮ್ಮ ಸಂಘದ ವಿಮಲಾ ಮೇಡಂ ಬೇಸಿಗೆಯಿಂದ ಹೇಳುತ್ತಿದ್ದರು. "ಪಾಠ ಬೇಡ ಸರೋಜಮ್ಮ, ಪಾಠ ನಾನು ಮಾಡ್ತೀನಿ. ನೀವು ಆದದ್ದು ಬರೀರಿ," ಅಂದಿದ್ದರು. ಎಲ್ಲಿಂದ ಶುರು ಮಾಡುವುದು ಅಂತ ಗೊತ್ತಾಗದೆ ಸುಮ್ಮನಿದ್ದೆ. ಈಗ ಆ ಕಾಯಿಯಿಂದಲೇ ಶುರು ಮಾಡುತ್ತೇನೆ.

ನಮ್ಮ ಮನೆ ಗೋಣಿಬೀಡಿನ ಹತ್ತಿರ. ನಮ್ಮನೆಯವರು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರು. ಮಕ್ಕಳು ಶಾಲೆಗೆ ಹೋಗುವಷ್ಟು ದೊಡ್ಡವರಾದ ಮೇಲೆ ವಿಮಲಾ ಮೇಡಂ ನಮ್ಮ ಹಿತ್ತಲು ನೋಡಿ, "ಇದನ್ನೇ ಬೇರೆಯವರಿಗೆ ಹೇಳಿಕೊಡ್ತೀರಾ?" ಅಂತ ಕೇಳಿದರು. ಅವರು ಮೂಡಿಗೆರೆಯಲ್ಲಿ ಸಣ್ಣದೊಂದು ಹೆಂಗಸರ ಸಂಘ ನಡೆಸುತ್ತಿದ್ದರು. ಎಸ್ಟೇಟ್ ಕೆಲಸದವರ ಸಾಲುಮನೆಗಳಾದ ಲೈನುಗಳಲ್ಲಿ, ಸಣ್ಣ ಹಿಡುವಳಿಯವರ ಮನೆಗಳಲ್ಲಿ ಮನೆಗೆ ಬೇಕಾದಷ್ಟು ಸೊಪ್ಪು ತರಕಾರಿ ಬೆಳೆಸುವುದು ಕೆಲಸ. ನನ್ನ ಹುದ್ದೆಗೆ ಕಾಗದದಲ್ಲಿ ಏನೋ ಹೆಸರಿತ್ತು. ಲೈನಿನ ಮಕ್ಕಳು ಕರೆಯುತ್ತಿದ್ದದ್ದು ಹಿತ್ತಲಕ್ಕ ಅಂತ. ನನಗೆ ಅದೇ ಸಾಕಾಗಿತ್ತು.

ಮೊದಲು ಹೋದದ್ದು ಕಳಸದ ದಾರಿಯಲ್ಲಿರುವ ಆ ಎಸ್ಟೇಟಿನ ಲೈನಿಗೆ. ಗೇಟಿನ ಪಕ್ಕ ಹಮೀದಣ್ಣನ ಗ್ಯಾರೇಜು, ಅದರ ಹಿಂದೆ ಅವನ ಮನೆ, ಮನೆಯ ಹಿಂದಿನ ಬೇಲಿ ದಾಟಿದರೆ ಲೈನು ಶುರು. ಬೇಲಿಗೆ ತಾಗಿದ ಮೊದಲ ಮನೆ ಗಿರಿಜಾಳದ್ದು. ಸಂಜೆ, ಹೆಂಗಸರು ತೋಟದ ಕೆಲಸ ಮುಗಿಸಿ ಬಂದು ಕೈಕಾಲು ತೊಳೆಯುವ ಹೊತ್ತು. ನಾನು ಹೊಸ ಸೀರೆ ಉಟ್ಟುಕೊಂಡು, ಬೀಜದ ಪೊಟ್ಟಣಗಳ ಚೀಲ ಹಿಡಿದು, ಕಲಿತು ಬಂದದ್ದನ್ನೆಲ್ಲ ಒಪ್ಪಿಸಿದೆ. ಎಲ್ಲರೂ ಕೇಳಿಸಿಕೊಂಡರು. ಕೊನೆಗೆ ಗಿರಿಜಾ ಅಂದಳು:

"ಬೆಳಿಗ್ಗೆಯಿಂದ ಧಣಿಗಳ ಕಳೆ ಕಿತ್ತಾಯ್ತು. ಈಗ ನಿಮ್ಮ ಕಳೆ ಬೇರೆ ಕೀಳ್ಬೇಕಾ ಅಕ್ಕ?"

ಎಲ್ಲರೂ ನಕ್ಕರು. ನನಗೆ ಮುಖ ಎಲ್ಲಿಡುವುದು ಗೊತ್ತಾಗಲಿಲ್ಲ. ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು? ಹಗಲಿಡೀ ಬೆನ್ನು ಬಗ್ಗಿಸಿದವಳಿಗೆ ಸಂಜೆ ಮತ್ತೆ ಗುದ್ದಲಿ ಹಿಡಿ ಅನ್ನುವುದು ಹೇಗೆ? ಇದನ್ನು ನೀವು ಮೊದಲು ತಿಳಿದುಕೊಳ್ಳಬೇಕು. ಹಿತ್ತಲು ಮಾಡುವುದಕ್ಕೆ ಜಾಗ ಎಲ್ಲರಿಗೂ ಅಷ್ಟಿಷ್ಟು ಇರುತ್ತದೆ. ಇಲ್ಲದ್ದು ದಣಿಯದ ಮೈ. ಹಾಗಾಗಿ ದೊಡ್ಡದು ಹೇಳಬೇಡಿ. ಪಾತ್ರೆ ತೊಳೆಯುವ ನೀರು ಹರಿಯುವ ಕಡೆ ಎರಡು ಬುಡ ಬಸಳೆ ನೆಡಲಿ. ಹಳೇ ಗೋಣಿಚೀಲಕ್ಕೆ ಮಣ್ಣು ತುಂಬಿ ಒಂದು ಮೆಣಸಿನ ಗಿಡ ಇಡಲಿ. ನಿಂತಲ್ಲೇ ಕೈಗೆ ಸಿಗುವುದು ಮಾತ್ರ ಬೆಳೆಯುತ್ತದೆ. ದೂರ ನೆಟ್ಟದ್ದನ್ನು ಯಾರೂ ಹೋಗಿ ನೋಡುವುದಿಲ್ಲ.

ಅವತ್ತು ಎಲ್ಲರೂ ಒಳಗೆ ಹೋದ ಮೇಲೆ ಗಿರಿಜಾ ನನ್ನ ಪೊಟ್ಟಣಗಳನ್ನು ತಿರುಗಿಸಿ ನೋಡಿದಳು. "ಇದರಲ್ಲಿ ಚಿತ್ರ ಚೆಂದ ಇದೆ," ಅಂದಳು. ಆಮೇಲೆ ಒಳಗಿಂದ ಹಳೇ ಸೀರೆಯ ಸೆರಗಿನ ಗಂಟೊಂದನ್ನು ತಂದು ಬಿಚ್ಚಿದಳು. ಬೂದಿ ಹಚ್ಚಿದ ಸೌತೆ ಬೀಜ. ಕಳಸದ ಆಚೆಯ ಅವಳ ತವರಿನದು, ಮದುವೆಯಾಗಿ ಬರುವಾಗ ಅವಳ ಅಮ್ಮ ಕಟ್ಟಿಕೊಟ್ಟದ್ದಂತೆ. ವರ್ಷಕ್ಕೊಮ್ಮೆ ಹಾಕಿ, ಮತ್ತೆ ಬೀಜ ಮಾಡಿ, ಹಾಗೇ ಉಳಿಸಿಕೊಂಡು ಬಂದಿದ್ದಳು.

ಆ ಸೌತೆ ನೋಡಲು ಏನೂ ಇಲ್ಲ. ಗಿಡ್ಡ, ಬಿಳಿಚು ಬಣ್ಣ, ಮೇಲೆ ಹಸಿರು ಗೆರೆ. ಆದರೆ ಕಹಿ ಅನ್ನುವುದು ಅದಕ್ಕೆ ಗೊತ್ತಿಲ್ಲ. ನಾವೆಲ್ಲ ಸೌತೆಯ ತೊಟ್ಟು ಕತ್ತರಿಸಿ, ಆ ತುಂಡಿನಿಂದಲೇ ತಿಕ್ಕಿ ನೊರೆ ತೆಗೆದು ಕಹಿ ಬಿಡಿಸುತ್ತೇವಲ್ಲ, ಗಿರಿಜಾಳ ಮನೆಯಲ್ಲಿ ಆ ಪದ್ಧತಿಯೇ ಇರಲಿಲ್ಲ. ನಾನು ಅಭ್ಯಾಸಬಲದಿಂದ ತಿಕ್ಕಲು ಹೋದರೆ, "ಅದಕ್ಕೆ ಅವಮಾನ ಮಾಡ್ಬೇಡಿ ಅಕ್ಕ," ಅನ್ನುತ್ತಿದ್ದಳು. ಜಡಿಮಳೆಯಲ್ಲಿ ಬೇರೆ ಬಳ್ಳಿಗಳು ಕೊಳೆತರೂ ಅದು ತಡೆದುಕೊಳ್ಳುತ್ತಿತ್ತು.

ನಾನು ಪೊಟ್ಟಣಗಳನ್ನು ಚೀಲಕ್ಕೆ ಹಾಕಿಕೊಂಡೆ. ಮರುವರ್ಷ ಆ ಲೈನಿನ ಎಲ್ಲರ ಮನೆಗೂ ಗಿರಿಜಾಳ ಬೀಜವೇ ಹೋಯಿತು.

ನಾವು ಕಲಿತದ್ದೆಲ್ಲ ಕೆಡಿಸಿಯೇ ಕಲಿತದ್ದು. ಒಂದು ವರ್ಷ ಕಾಫಿ ಕೊಯ್ಲಿನ ಹೊತ್ತಿಗೆ ಪಲ್ಪಿಂಗ್ ಮಾಡಿ ಉಳಿದ ಹಣ್ಣಿನ ಸಿಪ್ಪೆ ರಾಶಿ ಬಿದ್ದಿತ್ತು. ಬಿಟ್ಟಿ ಗೊಬ್ಬರ. ಲೈನಿನ ಹೆಂಗಸರು ಪೈಪೋಟಿಯಲ್ಲಿ ಬುಟ್ಟಿ ಬುಟ್ಟಿ ಹೊತ್ತು ತಂದು ಹರಿವೆ ಸಾಲಿಗೆ, ಅಲಸಂದೆ ಬುಡಕ್ಕೆ ಸುರಿದರು. ಒಂದು ವಾರದಲ್ಲಿ ಹರಿವೆ ಬಾಡಿ ಮಲಗಿತು. ಅಲಸಂದೆ ಎಲೆ ಹಳದಿ ಬಂತು. ನನಗೆ ಕಾರಣ ಹೊಳೆಯಲಿಲ್ಲ, ವಿಮಲಾ ಮೇಡಂಗೆ ಹೇಳಿಕಳಿಸಿದೆ. ಅವರು ಬಂದವರೇ ಸೀರೆ ಎತ್ತಿ ಕಟ್ಟಿ ಉಳಿದ ಸಿಪ್ಪೆಯ ರಾಶಿಯೊಳಗೆ ಕೈ ತೂರಿಸಿದರು. ತಟ್ಟನೆ ತೆಗೆದರು.

"ನೀವೂ ಇಟ್ಟು ನೋಡಿ," ಅಂದರು.

ಗಿರಿಜಾ ಕೈಯಿಟ್ಟಳು. "ಅಯ್ಯೋ ಮಾರಾಯ್ತಿ, ಇದು ಗೊಬ್ಬರ ಅಲ್ಲ, ಕೆಂಡ."

"ಇನ್ನೂ ಬೇಯ್ತಾ ಇದೆ. ಅರೆಬೆಂದ ಅನ್ನ ಮಕ್ಕಳಿಗೆ ಬಡಿಸ್ತೀರಾ?" ಅಂದರು ಮೇಡಂ. ಸಿಪ್ಪೆಯ ಒಂದು ಪದರ, ಅದರ ಮೇಲೆ ಸಗಣಿ, ಅದರ ಮೇಲೆ ಒಣ ತರಗು, ಹೀಗೆ ಒಟ್ಟಿ, ಆಗಾಗ ಮಗುಚಿ, ಹುಳಿ ವಾಸನೆ ಹೋಗಿ ಮಣ್ಣಿನ ವಾಸನೆ ಬರುವ ತನಕ ಬಿಡಬೇಕು. ಕೈಯಿಟ್ಟರೆ ತಣ್ಣಗಿರಬೇಕು. ಮಳೆಗಾಲಕ್ಕೆ ಮುಂಚೆ ಆ ರಾಶಿ ಕಪ್ಪಗೆ ಪುಡಿಪುಡಿಯಾಯಿತು. ಈಗ ಎಷ್ಟೋ ಜನ ಗೊಬ್ಬರಕ್ಕೆ ಡ್ರಮ್ಮಿನಲ್ಲಿ ಏನೇನೋ ಕಲಸುತ್ತಾರೆ, ಒಳ್ಳೆಯದೇ. ಆದರೆ ಯಾವುದೇ ಗೊಬ್ಬರವಾಗಲಿ, ಗಿಡಕ್ಕೆ ಹಾಕುವ ಮೊದಲು ನಿಮ್ಮ ಕೈ ಅದರೊಳಗೆ ಹೋಗಿ ಬರಲಿ.

ಇನ್ನೊಂದು ಕೆಡುಕು ಮಂಜಣ್ಣನಿಂದ ಆಯಿತು. ಮಂಜಣ್ಣ ಗಿರಿಜಾಳ ಗಂಡ, ಆಗ ತೋಟದ ಆಳುಗಳ ಮೇಸ್ತ್ರಿ. ಗಟ್ಟಿ ಮನುಷ್ಯ, ಮಾತು ಕಡಿಮೆ, ದೇವರು ಶಾಸ್ತ್ರ ಅಂದರೆ ಒಂದು ಕೂದಲಷ್ಟೂ ಅತ್ತಿತ್ತ ಆಗಬಾರದು. ಹೆಂಡತಿಗೆ ನೀರು ಹೊರುವುದು ಕಷ್ಟ ಅಂತ ಎಲ್ಲಿಂದಲೋ ಒಂದು ಕ್ಯಾನು ತಂದುಕೊಟ್ಟ. ಕಳೆ ಸಾಯಿಸುವ ಔಷಧಿಯ ಕ್ಯಾನು. ಸೋಪು ಹಾಕಿ ತೊಳೆದಿದ್ದೇನೆ ಅಂದ. ಬದನೆ ಸಸಿಗಳ ಎಲೆ ಸುರುಟಿ, ಸಾಲಿಗೆ ಸಾಲೇ ಹೋಯಿತು. ಇಂಥ ಕ್ಯಾನು ಎಷ್ಟು ತೊಳೆದರೂ ಮನೆಗೆ ಬರಬಾರದು, ತಿನ್ನುವ ಗಿಡದ ಹತ್ತಿರಕ್ಕಂತೂ ಬರಲೇಬಾರದು. ಇದನ್ನು ನೀವು ಹೋದ ಮನೆಯಲ್ಲೆಲ್ಲ ಮೊದಲು ನೋಡಿ. ನೀರು ಯಾವುದರಲ್ಲಿ ಹೊಯ್ಯುತ್ತಾರೆ ಅಂತ.

ಮಂಜಣ್ಣ ಆಮೇಲೆ ಗಿರಿಜಾಳಿಗೆ, "ಇನ್ನು ಹಿತ್ತಲು ನಿಂದು. ನೀನು ಹೇಳಿದ ಹಾಗೆ," ಅಂದನಂತೆ. ಅಂದ ಮಾತಿನಂತೆಯೇ ನಡೆದುಕೊಂಡ. ಅವಳು ಹೇಳದೆ ಅಲ್ಲಿನ ಒಂದು ಮೆಣಸಿನಕಾಯಿಯನ್ನೂ ಅವನು ಕೀಳುತ್ತಿರಲಿಲ್ಲ.

ಈಗ ಸುಣ್ಣದ ವಿಷಯ.

ಎಳೆ ಸೌತೆ ತಿನ್ನುವುದು ಎಲ್ಲರಿಗೂ ಇಷ್ಟ. ಬೀಜಕ್ಕೆ ಬಿಡುವುದು ಯಾರಿಗೂ ಬೇಡ. ಬೀಜಕ್ಕೆ ಒಳ್ಳೆಯ ಕಾಯಿಯನ್ನೇ ಬಿಡಬೇಕು, ಬಳ್ಳಿಯ ಮೊದಲ ಕಾಯಿಗಳಲ್ಲಿ ಗಟ್ಟಿಮುಟ್ಟಾದದ್ದು. ಅದು ಬಳ್ಳಿಯಲ್ಲೇ ಹಣ್ಣಾಗಿ, ಕಂದು ಬಣ್ಣಕ್ಕೆ ತಿರುಗಿ, ತೊಟ್ಟು ಒಣಗುವ ತನಕ ಕಾಯಬೇಕು. ಅಷ್ಟು ದಿನ ಕಣ್ಣೆದುರು ನೇತಾಡುವ ಕಾಯಿಯನ್ನು ಯಾರು ಬಿಡುತ್ತಾರೆ? ಮೊದಲ ಎರಡು ವರ್ಷ ಲೈನಿನಲ್ಲಿ ಬೀಜಕ್ಕೆ ಬಿಟ್ಟದ್ದೆಲ್ಲ ಯಾರದೋ ಹೊಟ್ಟೆ ಸೇರಿತು. ಕೇಳಿದರೆ, ಗೊತ್ತಿರಲಿಲ್ಲ ಅಂದರು.

ಮೂರನೆಯ ವರ್ಷ ನಾನು ಹೋದಾಗ ಗಿರಿಜಾಳ ಬಳ್ಳಿಯ ಒಂದು ಕಾಯಿಯ ಮೇಲೆ ಬಿಳೀ ಬೊಟ್ಟು. ಎಲೆ ಅಡಿಕೆಯ ಡಬ್ಬಿಯಿಂದ ಸುಣ್ಣ ತೆಗೆದು ಇಟ್ಟಿದ್ದಳು.

"ಏನೇ ಇದು?"

"ದೇವರ ಕಾಯಿ. ಚೌಡಿಗೆ ಹೇಳಿಕೊಂಡದ್ದು ಅಂತ ಹೇಳಿದೀನಿ. ಒಬ್ರಾದ್ರೂ ಮುಟ್ಟಲಿ ನೋಡಣ."

ಲೈನಿನ ಮೇಲುಗಡೆ ಹಲಸಿನ ಮರದ ಕೆಳಗೆ ಚೌಡಿಯ ಕಟ್ಟೆ ಇದೆ. ಅಲ್ಲಿಗೆ ಎಲ್ಲರೂ ನಡೆದುಕೊಳ್ಳುತ್ತಾರೆ. ನನಗೆ ಮನಸ್ಸಿಗೆ ಸರಿ ಅನ್ನಿಸಲಿಲ್ಲ.

"ಬೀಜ ಉಳಿಸಕ್ಕೆ ದೇವರ ಹೆಸರಲ್ಲಿ ಸುಳ್ಳು ಹೇಳ್ತೀಯಲ್ಲ ಗಿರಿಜಾ."

"ಸುಳ್ಳು ಯಾಕಕ್ಕ? ಬರೋ ವರ್ಷದ ಬಳ್ಳಿ ಕೊಡೋದು ಯಾರು, ನಾನಾ?"

ಅವಳು ಮಾತಿಗೆ ಹೇಳಿದ್ದಲ್ಲ. ಮರುವರ್ಷ ಆ ಬೀಜದ ಬಳ್ಳಿಯಲ್ಲಿ ಬಿಟ್ಟ ಮೊದಲ ಎಳೆಕಾಯಿಯನ್ನು ತೊಳೆದು ಚೌಡಿಯ ಕಟ್ಟೆಯ ಮೇಲಿಟ್ಟು ಬಂದಳು. ಆಮೇಲೆ ಪ್ರತಿ ವರ್ಷ ಇಟ್ಟಳು.

ಆ ಬೊಟ್ಟಿಗೆ ಅವಳೇ ಒಂದು ಕಟ್ಟಳೆಯನ್ನೂ ಮಾಡಿದಳು. ಸುಣ್ಣ ಇಟ್ಟ ಕೈಯೇ ಕಾಯಿ ಕೀಳಬೇಕು. ಅತ್ತೆ ಇಟ್ಟದ್ದನ್ನು ಸೊಸೆ ಕೀಳಬಾರದು, ಅಕ್ಕ ಇಟ್ಟದ್ದನ್ನು ತಂಗಿ ಕೀಳಬಾರದು. ಹಾಗಿದ್ದರೆ ಮಾತ್ರ ಜಗಳ ಬರುವುದಿಲ್ಲ ಅನ್ನುವುದು ಅವಳ ಲೆಕ್ಕ. ನಾನು ಹೋದ ಕಡೆಯೆಲ್ಲ ಇದನ್ನು ಹೇಳಿಕೊಟ್ಟೆ. ಗೋಣಿಬೀಡಿನ ಸುತ್ತ, ಮೂಡಿಗೆರೆಯ ಆಚೆ, ಕಳಸದ ಇಳಿಜಾರಿನ ಮನೆಗಳಲ್ಲಿ. ಲೈನಿನ ಪಕ್ಕದಲ್ಲೇ ಹಮೀದಣ್ಣನ ಹೆಂಡತಿ ಐಸಮ್ಮ ಸೌತೆಗೂ ಸೋರೆಗೂ ಸುಣ್ಣ ಇಡುತ್ತಿದ್ದಳು. ಅವಳೂ ಎಲೆ ಅಡಿಕೆ ಹಾಕುವವಳು, ಗಿರಿಜಾಳಿಗೆ ಬೇಲಿಯ ಗೆಳತಿ. "ನಿಮ್ಮ ಚೌಡಿಗೆ ನಾನು ಯಾಕೆ ಸುಳ್ಳು ಹೇಳ್ಲಿ? ದೇವರ ಕಾಯಿ ಅಂತೀನಿ, ಅಷ್ಟೇ. ಯಾವ ದೇವರು ಅಂತ ಯಾರೂ ಕೇಳಿಲ್ಲ," ಅನ್ನುತ್ತಿದ್ದಳು.

ಕೆಲಸ ಬಿಡುವ ಹೊತ್ತಿಗೆ ಕಾಲ ಬದಲಾಗಿತ್ತು. ಹುಡುಗಿಯರು ಎಲೆಯ ಫೋಟೋ ತೆಗೆದು ಗುಂಪಿಗೆ ಹಾಕುತ್ತಾರೆ. "ಇದೇನು ರೋಗ ಅಕ್ಕ?" ಅಂತ ಕೇಳುತ್ತಾರೆ. ಪವಿತ್ರ ಮದುವೆಯಾಗಿ ಬಂದ ಹೊಸದರಲ್ಲಿ ಹಿತ್ತಲಲ್ಲಿ ಫೋನು ಹಿಡಿದು ನಿಂತರೆ ಗಿರಿಜಾ, "ನಮ್ಮ ಸೊಸೆ ಮೊಬೈಲಲ್ಲೇ ಕಳೆ ಕೀಳ್ತಾಳೆ," ಅನ್ನುತ್ತಿದ್ದಳು. ಪವಿತ್ರನೂ ಬಿಡುತ್ತಿರಲಿಲ್ಲ. "ಹೂಂ ಅತ್ತೆ, ಸೊಂಟ ನೋಯಲ್ಲ ನೋಡಿ." ಫೋಟೋ ಹಾಕುವುದು ತಪ್ಪಲ್ಲ. ಆದರೆ ಎಲೆಯ ಮೇಲ್ಭಾಗದ ಫೋಟೋ ಹಾಕಿದರೆ ನನಗೇನು ಕಾಣುತ್ತದೆ? ಹುಳ ಇರುವುದು ಅಡಿಯಲ್ಲಿ. ಮಗುಚಿ ನೋಡಿ. ಮಗುಚಿದರೆ ಮುಕ್ಕಾಲುಪಾಲು ಸಲ ಯಾರನ್ನೂ ಕೇಳಬೇಕಾಗಿಯೇ ಇಲ್ಲ. ಕೈಯಲ್ಲಿ ಒರೆಸಿ, ಬೆಳಗಿನ ಇಬ್ಬನಿಯ ಮೇಲೆ ಒಲೆಯ ಬೂದಿ ಉದುರಿಸಿದರೆ ಆಯಿತು. ಪವಿತ್ರ ಇದನ್ನು ಬೇಗ ಕಲಿತಳು. ಅದಕ್ಕೇ ನನ್ನ ಜಾಗಕ್ಕೆ ಅವಳನ್ನು ಹಾಕಿ ಅಂತ ಮೇಡಂಗೆ ಹೇಳಿದ್ದು.

ಈ ವರ್ಷ ಮಾತ್ರ ಎಲ್ಲ ಕೈಕೊಟ್ಟಿತು. ಹೋದ ವರ್ಷ ಗಿರಿಜಾ ಕಾಯಿಲೆ ಬಿದ್ದಿದ್ದರಿಂದ ಬೀಜ ಕಡಿಮೆ ಆಗಿತ್ತು. ಲೈನಿನವರಾಗಲಿ ಐಸಮ್ಮನಾಗಲಿ ಯಾರೂ ತಮ್ಮದು ಅಂತ ಇಟ್ಟುಕೊಂಡಿರಲಿಲ್ಲ. ಗಿರಿಜಕ್ಕನ ಹತ್ತಿರ ಇದ್ದೇ ಇರುತ್ತಲ್ಲ ಅನ್ನುವ ಧೈರ್ಯ. ಬೇರೆ ಊರುಗಳಲ್ಲೂ ಪೊಟ್ಟಣದ ಬೀಜ ಸುಲಭವಾಗಿ ಸಿಕ್ಕಿ ಇದನ್ನು ಬಿಟ್ಟಿದ್ದರು. ನನ್ನ ಹತ್ತಿರವಿದ್ದ ಹಿಡಿ ಬೀಜವನ್ನು ಹೊಸ ಹುಡುಗಿಯರಿಗೆ ಹಂಚಿದ್ದೆ. ಅವರು ನೀರು ನಿಲ್ಲುವ ಜಾಗದಲ್ಲಿ ಹಾಕಿ, ಬುಡ ಕೊಳೆಯಿತು. ನಮ್ಮ ಕಡೆ ಮಳೆಗಾಲಕ್ಕೆ ಏರುಮಡಿ ಮಾಡಿ, ಪಕ್ಕದಲ್ಲಿ ನೀರು ಹರಿದುಹೋಗಲು ಕಣಿ ತೆಗೆಯದಿದ್ದರೆ ಯಾವ ಬೀಜವೂ ಉಳಿಯುವುದಿಲ್ಲ. ಕೊನೆಗೆ ನಿಂತದ್ದು ಗಿರಿಜಾಳ ಹಿತ್ತಲಿನ ಒಂದು ಬಳ್ಳಿ, ಅದರಲ್ಲಿ ಆ ಒಂದು ಕಾಯಿ.

ನಾನು ಮೂಡಿಗೆರೆಗೆ ಹೋಗಿ ಕಳಸದ ಬಸ್ಸು ಹಿಡಿದೆ. ಕಾಯಿಸದೆ ಬಸ್ಸು ಬಂತು, ಕೂರಲು ಜಾಗವೂ ಸಿಕ್ಕಿತು. ಇಂಥ ದಿನಗಳಲ್ಲಿ ಅದೂ ಒಂದು ದಯೆ.

ಲೈನಿನ ಅಂಗಳದಲ್ಲಿ ಜನ ಸೇರಿದ್ದರು. ಗಿರಿಜಾಳನ್ನು ಹೊರಗೆ ಮಲಗಿಸಿದ್ದರು. ಮುಖ ಎಂದಿನಂತೆ, ಏನೋ ತಮಾಷೆ ಹೇಳಲು ಹೊರಟವಳ ಹಾಗೆ. ಪಾದ ಮುಟ್ಟಿ ನಮಸ್ಕಾರ ಮಾಡಿದೆ. ವಯಸ್ಸಿನಲ್ಲಿ ನನಗಿಂತ ಚಿಕ್ಕವಳು, ಆದರೂ ಮಾಡಿದೆ. ಮಧ್ಯಾಹ್ನದ ಹೊತ್ತಿಗೆ ಎತ್ತಿಕೊಂಡು ಹೋದರು. ಸುಟ್ಟು ಬಂದು, ಗಂಡಸರು ಸ್ನಾನ ಮಾಡಿ ಕೂತರು. ಐಸಮ್ಮ ಎಲ್ಲರಿಗೂ ಕಾಫಿ ಮಾಡಿ ತಂದಳು. ಆ ಮನೆಯಲ್ಲಿ ಅವತ್ತು ಒಲೆ ಹಚ್ಚುವ ಹಾಗಿರಲಿಲ್ಲ.

ಪವಿತ್ರ ನನ್ನನ್ನು ಹಿತ್ತಲ ಕಡೆ ಕರೆದುಕೊಂಡು ಹೋದಳು. ಮಡಿಯ ಒಂದು ತುದಿ ಪೂರ್ತಿ ಉತ್ತು ಹಾಕಿದ ಹಾಗಿತ್ತು. ರಾತ್ರಿ ಹಂದಿ ಬಂದು ಗೆಣಸೆಲ್ಲ ಅಗೆದಿತ್ತು. ಹಳೇ ಸೀರೆಯ ಬೇಲಿ ಹರಿದು ಬಿದ್ದಿತ್ತು. ಸೌತೆ ಬಳ್ಳಿ ಹತ್ತಿಸಿದ ಚಪ್ಪರ ಒಂದು ಕಡೆ ವಾಲಿತ್ತು. ಕಾಯಿ ನೆಲಕ್ಕೆ ಒಂದು ಗೇಣು ಎತ್ತರದಲ್ಲಿ ತೂಗುತ್ತಿತ್ತು. ಮೈಯೆಲ್ಲ ಬಿರುಕಿನ ಬಲೆ, ಅದರ ನಡುವೆ ಸುಣ್ಣದ ಬೊಟ್ಟು. ತೊಟ್ಟು ಒಣಕಡ್ಡಿಯಾಗಿತ್ತು.

"ಇವತ್ತು ರಾತ್ರಿ ಮತ್ತೆ ಬರುತ್ತೆ ಅಕ್ಕ. ಗೆಣಸಿನ ರುಚಿ ಕಂಡಿದೆಯಲ್ಲ," ಅಂದಳು ಪವಿತ್ರ.

ಹಿಂದೆಯೇ ಮಂಜಣ್ಣ ಬಂದು ನಿಂತಿದ್ದ. ಒದ್ದೆ ಪಂಚೆ, ಹೆಗಲ ಮೇಲೆ ಟವೆಲು.

"ಸರೋಜಮ್ಮ, ನೀವು ದೊಡ್ಡೋರು. ನೀವೇ ಹೇಳಿ ಇವಳಿಗೆ. ಮನೇಲಿ ಸೂತಕ. ಹೂವಿನ ಗಿಡ ಮುಟ್ಟಲ್ಲ ನಾವು, ತುಳಸಿಗೆ ನೀರು ಹಾಕಲ್ಲ. ದೇವರ ಕಾಯಿ ಮುಟ್ಟಬೌದಾ?"

"ಮಾವ, ಅದು ಬೀಜಕ್ಕೆ..."

"ದೇವರದ್ದು ಅಂತ ಹೇಳಿದ್ದು ನಿನ್ನ ಅತ್ತೇನೇ. ಅವಳ ಮಾತನ್ನ ಅವಳು ಹೋದ ದಿನವೇ ಮುರಿಯೋದಾ?"

ಪವಿತ್ರ ನನ್ನ ಮುಖ ನೋಡಿದಳು. ಎಷ್ಟೋ ಮನೆಗಳಲ್ಲಿ ಎಷ್ಟೋ ವಾದ ಬಿಡಿಸಿದವಳು ನಾನು. ಇಲ್ಲಿ ಏನು ಹೇಳಲಿ? ಸೂತಕದ ಮನೆಯಿಂದ ಒಂದು ಎಲೆಯನ್ನೂ ತರಬಾರದು ಅಂತ ನಮ್ಮಮ್ಮ ಹೇಳಿಕೊಟ್ಟಿದ್ದಾರೆ. ನಾನು ಅದನ್ನು ನಡೆಸಿಕೊಂಡು ಬಂದಿದ್ದೇನೆ. ಬೀಜದ ಆಸೆಗೆ ಇವತ್ತು ಅದೆಲ್ಲ ಸುಳ್ಳು ಅಂದರೆ ಮಂಜಣ್ಣ ನಂಬುತ್ತಾನೆಯೇ, ನಾನೇ ನಂಬುತ್ತೇನೆಯೇ? ಬೀಜ ಉಳಿಯಲಿ ಅಂತ ಗಿರಿಜಾ ಇಟ್ಟ ಬೊಟ್ಟೇ ಇವತ್ತು ಬೀಜಕ್ಕೆ ಅಡ್ಡ ನಿಂತಿತ್ತು.

"ಅವಳಿದ್ದಿದ್ರೆ ಅವಳೇ ಕೀಳ್ತಿದ್ಲು," ಅಂದ ಮಂಜಣ್ಣ. "ಇಟ್ಟ ಕೈಯೇ ಕೀಳ್ಬೇಕು ಅಂತಿದ್ಲು. ಆ ಕೈ ಸುಟ್ಟು ಬಂದೆ. ಇನ್ಯಾರು ಕೀಳ್ತಾರೆ? ಬಿಡಿ. ಚೌಡಿ ಕೊಟ್ಟಿದ್ಲು, ಚೌಡಿ ತಗೊಳ್ಲಿ."

ಖಾಲಿ ಲೋಟಗಳ ತಟ್ಟೆ ಹಿಡಿದು ಐಸಮ್ಮ ಬೇಲಿಯ ಹತ್ತಿರ ನಿಂತಿದ್ದಳು. ಎಷ್ಟು ಹೊತ್ತಿನಿಂದ ಕೇಳಿಸಿಕೊಳ್ಳುತ್ತಿದ್ದಳೋ.

"ಮಂಜಣ್ಣ, ಈ ಸಲ ಸುಣ್ಣ ಇಟ್ಟಿದ್ದು ಗಿರಿಜಕ್ಕ ಅಲ್ಲ."

ಮಂಜಣ್ಣ ತಿರುಗಿದ.

"ನಾನು ಇಟ್ಟಿದ್ದು. ನೀವೆಲ್ಲ ಕೆಲಸಕ್ಕೆ ಹೋಗಿದ್ರಿ. ಗಿರಿಜಕ್ಕ ಇಲ್ಲಿ ಈ ಕಲ್ಲಿನ ಮೇಲೆ ಬಂದು ಕೂತಿದ್ರು. ಎದ್ದು ನಿಂತ್ರೆ ಉಸಿರು ಹತ್ತತ್ತೆ, ಕೈ ಎತ್ತಕ್ಕಾಗಲ್ಲ. ಬೇಲಿಯಿಂದ ಕರೆದು, 'ಐಸೂ, ನಿನ್ನ ಸುಣ್ಣ ತಗೊಂಡು ಬಾ ಮಾರಾಯ್ತಿ' ಅಂದ್ರು. ನಾನಿಟ್ರೆ ಆಗತ್ತಾ ಅಂತ ಕೇಳ್ದೆ. 'ಬಳ್ಳಿಗೇನು ಗೊತ್ತಾಗತ್ತೆ' ಅಂದ್ರು."

ಮಂಜಣ್ಣ ಕಾಯಿಯನ್ನು ನೋಡಿದ, ಅವಳನ್ನು ನೋಡಿದ.

"ನಾನು ಇವರ ಹಾಗೆ ಓದಿಲ್ಲ. ನಿಮ್ಮ ಸೂತಕ ನಮ್ಮ ಮನೆಗೆ ಬರಲ್ಲ ಅಂತ ಗೊತ್ತು. ಇಟ್ಟ ಕೈ ಕೀಳ್ಬೇಕು ಅಂತ ಗಿರಿಜಕ್ಕ ಹೇಳಿದ್ದೂ ಗೊತ್ತು. ನೀವು ಬೇಡ ಅಂದ್ರೆ ಬೇಡ, ಮುಟ್ಟಲ್ಲ," ಅಂದಳು ಐಸಮ್ಮ.

ಮಂಜಣ್ಣ ಹೆಗಲ ಟವೆಲು ತೆಗೆದು ಮುಖ ಒರೆಸಿದ. ಆ ಟವೆಲು ಮುಖದ ಮೇಲಿರುವಾಗಲೇ, "ಹಿತ್ತಲು ಅವಳದ್ದು. ಅವಳು ಹೇಳಿದ ಹಾಗೆ," ಅಂದು ಅಂಗಳದ ಕಡೆ ನಡೆದ.

ಐಸಮ್ಮ ತಟ್ಟೆಯನ್ನು ನನ್ನ ಕೈಗೆ ಕೊಟ್ಟು, ಚಪ್ಪಲಿ ಬೇಲಿಯ ಆಚೆ ಬಿಟ್ಟು ಬಂದಳು. ಎಡಗೈಯಲ್ಲಿ ಕಾಯಿಯ ಭಾರ ಹೊತ್ತು ಬಲಗೈಯಲ್ಲಿ ತೊಟ್ಟು ತಿರುವಿದಳು. ಶಬ್ದವೂ ಆಗದೆ ಬಂತು. ಸೆರಗಲ್ಲಿ ಸುತ್ತಿಕೊಂಡು ಬೇಲಿ ದಾಟಿದಳು. ನಾನೂ ಪವಿತ್ರನೂ ಮುಟ್ಟಲಿಲ್ಲ.

ಸೂತಕ ಕಳೆಯುವ ತನಕ ಆ ಕಾಯಿ ಹಮೀದಣ್ಣನ ಗ್ಯಾರೇಜಿನಲ್ಲಿ ಇತ್ತು. ಹಣ್ಣಾದ ಬೀಜದ ಸೌತೆಯನ್ನು ಕೂಡಲೇ ಕೊಯ್ಯಬಾರದು, ಕೆಲವು ದಿನ ನೆಲ ತಾಗದ ಹಾಗೆ ಇಟ್ಟರೆ ಒಳಗಿನ ಬೀಜ ಇನ್ನೂ ಬಲಿಯುತ್ತದೆ. ಐಸಮ್ಮ ಬಾಳೆನಾರಿನಲ್ಲಿ ಕಟ್ಟಿ, ಸ್ಪ್ಯಾನರ್ ತೂಗುಹಾಕುವ ಮೊಳೆಗೆ ಇದನ್ನೂ ತೂಗುಹಾಕಿದ್ದಳಂತೆ. ಜೀಪು ರಿಪೇರಿಗೆ ಬಂದವರು ಇದೇನು ಅಂತ ಕೇಳಿದರೆ ಹಮೀದಣ್ಣ, "ಅದು ದೇವರದ್ದು, ನೀವು ಸೈಲೆನ್ಸರ್ ವಿಷಯ ಮಾತಾಡಿ," ಅನ್ನುತ್ತಿದ್ದನಂತೆ.

ಗಿರಿಜಾಳ ಕಾರ್ಯ ಎಲ್ಲ ಮುಗಿದ ಮೇಲೆ ಪವಿತ್ರನೇ ಕಾಯಿ ಕೊಯ್ದಳು. ಆ ಬೀಜವನ್ನು ಮೂರು ಮನೆಗೆ ಹಂಚಿದಳು, ಅವಳ ಮನೆ, ಐಸಮ್ಮನ ಮನೆ, ನಮ್ಮನೆ. ಇನ್ನು ಮೇಲೆ ಒಂದೇ ಮನೆಯಲ್ಲಿ ಇಡುವುದಿಲ್ಲ ಅಂದಳು. ಹೊಸಬರಿಗೆ ನಾನು ಹೇಳಬೇಕಾದ ದೊಡ್ಡ ಮಾತು ಇದೇ, ಅವಳೇ ಹೇಳಿಬಿಟ್ಟಳು. ಯಾರ ಹತ್ತಿರವೋ ಇದೆ ಅಂತ ನಂಬಿ ಕೂರಬೇಡಿ. ನೀವು ಹೋದ ಊರಿನಲ್ಲಿ ಒಳ್ಳೆಯ ಬೀಜ ಕಂಡರೆ ಮೂರು ಬೇರೆ ಬೇರೆ ಮನೆಗಳಿಗೆ ದಾಟಿಸಿ ಬನ್ನಿ. ಆ ಮನೆಗಳು ಒಂದೇ ಜಾತಿಯವು, ಒಂದೇ ನಂಟಿನವು ಆಗಿರಬಾರದು. ಒಂದು ಮನೆಯ ಕಷ್ಟದ ದಿನ ಇನ್ನೊಂದು ಮನೆಯ ಕೈ ಒದಗಬೇಕು.

ನನ್ನ ಪಾಲಿನದನ್ನು ಪವಿತ್ರ ತಿರುಳಿನ ಸಮೇತ ಒಂದು ಡಬ್ಬಿಯಲ್ಲಿ ತಂದುಕೊಟ್ಟಳು. ಎರಡು ದಿನ ಹುಳಿಯಲು ಬಿಟ್ಟು, ಮೂರನೆಯ ದಿನ ನೀರಿನಲ್ಲಿ ತೊಳೆದೆ. ತೇಲಿದ ಬೀಜ ಜೊಳ್ಳು, ಮುಳುಗಿದ್ದು ಒಳ್ಳೆಯದು. ಅಷ್ಟು ಮಳೆ ತಿಂದ ಕಾಯಿ, ಜೊಳ್ಳೇ ಹೆಚ್ಚಿರಬಹುದು ಅಂತ ಹೆದರಿದ್ದೆ. ಕೆಲವು ತೇಲಿದವು. ಉಳಿದವೆಲ್ಲ ಪಾತ್ರೆಯ ತಳಕ್ಕೆ ಹೋಗಿ ಕೂತವು. ದೇವರ ಮನೆಯ ಬಾಗಿಲಲ್ಲಿ ಪಾತ್ರೆಯನ್ನು ಸ್ವಲ್ಪ ಹೊತ್ತು ಇಟ್ಟು, ಕೈ ಮುಗಿದು, ಎತ್ತಿಕೊಂಡು ಬಂದೆ.

ನೆರಳಲ್ಲಿ ಆರಿಸಿ, ಬೂದಿ ಸವರಿ, ಹಳೇ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿದೆ. ಬಚ್ಚಲ ಒಲೆಯ ಮೇಲಿನ ತೊಲೆಗೆ, ಶಾಖ ತಾಗದೆ ಹೊಗೆ ಮಾತ್ರ ತಾಗುವ ಎತ್ತರದಲ್ಲಿ ಕಟ್ಟಬೇಕು. ಮಂಡಿ ಹಿಡಿದುಕೊಂಡು ಸ್ಟೂಲು ಹತ್ತಿದೆ. ನಮ್ಮನೆಯವರು ಸ್ಟೂಲು ಹಿಡಿದುಕೊಂಡು, "ಬಿದ್ದೀಯ ಮಾರಾಯ್ತಿ," ಅಂದರು. ಬೀಳಲಿಲ್ಲ.

ಬರುವ ಮಳೆಗಾಲಕ್ಕೆ ಮೊದಲ ಎಳೆಕಾಯಿ ಚೌಡಿಗೆ ಹೋಗಬೇಕು. ಇಟ್ಟು ಬರುವವಳು ಪವಿತ್ರ. ಅವಳಿಗೆ ನೆನಪಿರುತ್ತದೆ.

ಅಷ್ಟು ಹೊತ್ತಿಗೆ ಸಂಜೆಯಾಗಿತ್ತು. ದೀಪ ಹಚ್ಚುವ ಮೊದಲು ಸ್ನಾನಕ್ಕೆ ನೀರು ಕಾಯಬೇಕಿತ್ತು. ಹಂಡೆಗೆ ನೀರು ತುಂಬಿ, ತೆಂಗಿನ ಸಿಪ್ಪೆ ಇಟ್ಟು, ಒಲೆ ಊದಲು ಕೂತೆ.